ಬುಧವಾರದ ಬಾಗು

ನಮ್ಮೂರಿನ ಔಷಧಿ ಗಾಂಜಾ ತೋಟದಲ್ಲಿ ನಾನು ಬಾಗು ಅಳೆಯುವವಳು. ಹೆಸರು ಬಾಳವ್ವ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಪ್ರತಿ ಬುಧವಾರ ನಡುಮಧ್ಯಾಹ್ನ, ನೆರಳು ಕಾಲಡಿಗೆ ಬಂದ ಹೊತ್ತಿಗೆ, ಔಷಧಿಗೆ ಅರ್ಜಿ ಹಾಕಿದವರನ್ನು ಒಬ್ಬೊಬ್ಬರಾಗಿ ಒಳಗೆ ಕರೆದು ಗಿಡದಿಂದ ಏಳು ಹೆಜ್ಜೆ ದೂರದ ಕಲ್ಲಿನ ಮೇಲೆ ನಿಲ್ಲಿಸುತ್ತೇನೆ. ಗೋಡೆ ನೇರ ಇದೆಯೋ ಇಲ್ಲವೋ ಎಂದು ಗೌಂಡಿಗಳು ಹಿಡಿದು ನೋಡುತ್ತಾರಲ್ಲ, ಅಂಥ ತೂಗುಗುಂಡನ್ನು ಗಿಡದ ಪಕ್ಕ ಇಳಿಬಿಟ್ಟು ಮನಸ್ಸಿನಲ್ಲೇ ನೂರರವರೆಗೆ ಎಣಿಸುತ್ತೇನೆ. ಅಷ್ಟರಲ್ಲಿ ಗಿಡ ನಿಂತವರ ಕಡೆಗೆ ಬಾಗುತ್ತದೆ. ಅವರಿಗೆ ನೋವು ಎಷ್ಟಿದೆಯೋ ಅಷ್ಟೇ ಬಾಗುತ್ತದೆ, ಹೆಚ್ಚಿಲ್ಲ, ಕಡಿಮೆಯಿಲ್ಲ. ದಾರಕ್ಕೂ ಗಿಡದ ತುದಿಗೂ ನಡುವೆ ಎಷ್ಟು ಬೆರಳು ಹಿಡಿಸಿತೆಂದು ನೋಡಿ ಬರೆದುಕೊಳ್ಳುತ್ತೇನೆ. ಎರಡು ಬೆರಳಿಗಿಂತ ಕಡಿಮೆಯಾದರೆ ಔಷಧಿ ಇಲ್ಲ.

ಅದದೇ ನೋಡುವುದು ಬೇಸರ ತರುತ್ತದೆ ಅನ್ನುತ್ತಾರೆ. ನನಗೆ ತಂದಿಲ್ಲ. ಒಮ್ಮೆ ಒಬ್ಬ ಮುದುಕ ನಗುನಗುತ್ತಾ ಬಂದ. ಮೂಳೆಯ ಕ್ಯಾನ್ಸರ್. ಡಾಕ್ಟರು ಸುಮ್ಮನೆ ಕಳಿಸಿದ್ದಾರೆ, ನನಗೇನೂ ಇಲ್ಲ, ಹೆಂಡತಿಯ ಕಾಟಕ್ಕೆ ಬಂದೆ ಎಂದು ನನ್ನನ್ನೂ ನಗಿಸಿದ. ನಾನು ಎಣಿಸಲು ಶುರು ಮಾಡಿ ಹದಿನೈದಕ್ಕೆ ಬಂದಿದ್ದೆನೋ ಇಲ್ಲವೋ, ಗಿಡ ಬಾಗುತ್ತ ಬಾಗುತ್ತ ಒಂಬತ್ತು ಬೆರಳಿಗೆ ಬಂದು ನಿಂತಿತು. ಮುದುಕನ ನಗು ನಿಂತುಹೋಯಿತು. ಗಿಡಕ್ಕೆ ಕೈ ಮುಗಿದು, ನಿನಗಾದರೂ ಗೊತ್ತಾಯಿತಲ್ಲ ಎಂದ. ಆವತ್ತು ರಾತ್ರಿ ನನಗೆ ಊಟ ಸೇರಲಿಲ್ಲ. ಇವತ್ತಿಗೂ ಆ ಮೊದಲ ಎಲೆ ಅಲುಗಿದಾಗ ನನ್ನ ಮೈ ಜುಮ್ಮೆನ್ನುತ್ತದೆ.

ಹಿಂದೆ ಈ ಗಿಡಗಳು ಎಲ್ಲರ ಹಿತ್ತಲಿನಲ್ಲೂ ಇದ್ದವಂತೆ. ನಮ್ಮಜ್ಜಿ ಹೇಳುತ್ತಿದ್ದಳು. ಸೊಸೆಗೆ ತಲೆನೋವೆಂದರೆ ಅತ್ತೆ ಮೊದಲು ಹಿತ್ತಲಿಗೆ ಹೋಗಿ ನೋಡಿಬರುತ್ತಿದ್ದಳಂತೆ. ಹೆಣ್ಣು ನೋಡಲು ಬಂದವರು ಹುಡುಗಿಗಿಂತ ಮೊದಲು ಗಿಡ ನೋಡುತ್ತಿದ್ದರಂತೆ. ಯಾರ ಮನೆಯೊಳಗೆ ಯಾರಿಗೆ ಏನು ಅನ್ನುವುದು ಗೋಡೆಯ ಮೇಲಿಂದ ಇಡೀ ಓಣಿಗೆ ಕಾಣುತ್ತಿತ್ತು. ಜನ ರೋಸಿಹೋದರು. ಕೊನೆಗೆ ಊರಿನವರೆಲ್ಲ ಸೇರಿ ಗಿಡಗಳನ್ನೆಲ್ಲ ಒಂದೇ ತೋಟಕ್ಕೆ ತಂದು ನೆಟ್ಟು, ಸುತ್ತ ಎರಡಾಳು ಎತ್ತರದ ಗೋಡೆ ಕಟ್ಟಿಸಿ, ಕಾಯಿದೆ ಮಾಡಿದರು. ಈಗ ಏಳುನೂರು ಗಿಡ ಇವೆ. ಬೇರೆಲ್ಲಾದರೂ ಒಂದು ಕುಡಿ ಕಂಡರೂ ಅಪರಾಧ.

ಕಾಯಿದೆ ಬಿಗಿಯಾಗಿದೆ. ದೊಡ್ಡಾಸ್ಪತ್ರೆಯ ಡಾಕ್ಟರ ಚೀಟಿ ಬೇಕು. ರೋಗಿ ತಾನೇ ಬರಬೇಕು, ಬದಲಿಗೆ ಮತ್ತೊಬ್ಬರು ಬರುವಂತಿಲ್ಲ. ಜೊತೆಗೆ ಬಂದವರು ಗೋಡೆಯ ಹೊರಗೆ ಬೆಂಚಿನ ಮೇಲೆ ಕೂರಬೇಕು, ಗಿಡಕ್ಕೆ ಗಲಿಬಿಲಿಯಾಗಬಾರದಲ್ಲ. ಬಾಗು ಬಂದವರಿಗೆ ಎಣ್ಣೆಯ ಸೀಸೆ ಕೊಡುತ್ತೇವೆ, ಮೇಲೆ ಅವರ ಹೆಸರು, ಎಷ್ಟು ಹನಿ, ಯಾವ ಹೊತ್ತು. ಸೀಸೆ ಊರಿನ ಗಡಿ ದಾಟಬಾರದು. ಒಂದು ಹನಿ ಬೇರೆಯವರಿಗೆ ಕೊಟ್ಟರೂ ಆರು ತಿಂಗಳು ಜೈಲು. ಮೂರು ಬುಧವಾರ ನಿಂತರೂ ಗಿಡ ಬಾಗದಿದ್ದರೆ ಅರ್ಜಿ ಬಂದ್, ಮತ್ತೆ ಒಂದು ವರ್ಷ ಆ ಬಾಗಿಲ ಕಡೆ ತಲೆ ಹಾಕುವಂತಿಲ್ಲ. ಅಳೆಯುವವರಿಗೂ ನಿಯಮ ಉಂಟು. ನನಗೆ ನೋವಿದ್ದರೆ ಗಿಡ ನನ್ನ ಕಡೆ ಬಾಗುತ್ತದೆ, ಆಗ ಕೆಲಸ ಮಾಡುವಂತಿಲ್ಲ. ಒಂದು ಹಲ್ಲುನೋವಿಗೆ ನಾನು ಹನ್ನೆರಡು ದಿನ ಮನೆಯಲ್ಲಿ ಕೂತಿದ್ದೇನೆ.

ನಾನು ಬರೆಯುವ ಪುಸ್ತಕದಲ್ಲಿ ಒಂದು ಸಣ್ಣ ಕಾಲಂ ಇದೆ, ಗಾಳಿ ಎಂದು. ಗಿಡ ಕಲ್ಲಿನ ಕಡೆಗಲ್ಲದೆ ಎಡಕ್ಕೋ ಬಲಕ್ಕೋ ಹಿಂದಕ್ಕೋ ವಾಲಿದರೆ ಅದನ್ನು ಗಾಳಿ ಎಂದು ಬರೆದು ಬಿಟ್ಟುಬಿಡಬೇಕು. ನನಗೆ ಕೆಲಸ ಕಲಿಸಿದವರು ಹಾಗೆ ಹೇಳಿಕೊಟ್ಟರು, ಅವರಿಗೆ ಕಲಿಸಿದವರೂ ಹಾಗೇ ಹೇಳಿರಬೇಕು. ವಾರಕ್ಕೆ ನಾಲ್ಕೈದು ಗಾಳಿ ಇದ್ದೇ ಇರುತ್ತಿದ್ದವು. ಅದರ ಬಗ್ಗೆ ನಾನು ಒಂದು ದಿನವೂ ತಲೆ ಕೆಡಿಸಿಕೊಂಡಿರಲಿಲ್ಲ.

ದಾವಲಬಿ ತನ್ನ ಮಗಳನ್ನು ಕರೆದುಕೊಂಡು ಬಂದದ್ದು ಬೇಸಿಗೆ ಶುರುವಾದಾಗ. ದಾವಲಬಿ ಹಾಸಿಗೆ ಹೊಲಿಯುವವಳು, ಮನೆಮನೆಗೆ ಹೋಗಿ ಹಳೇ ಗಾದಿ ಬಿಚ್ಚಿ, ಹತ್ತಿ ಹಿಂಜಿ, ಮತ್ತೆ ತುಂಬಿಕೊಡುತ್ತಾಳೆ. ಹುಬ್ಬಿನ ಮೇಲೆಲ್ಲ ಹತ್ತಿಯ ಎಳೆ. ಗಂಡ ತೀರಿಕೊಂಡು ಆರು ವರ್ಷ. ಮಗಳು ಜೈತೂನ, ಎಂಟು ವರ್ಷ, ಬಾಯಿ ಬಡಬಡಕಿ. ಬಂದವಳೇ ನನ್ನ ತೂಗುಗುಂಡು ನೋಡಿ, ಇದು ಬುಗುರಿಯಾ, ತಿರುಗುತ್ತದಾ ಎಂದು ಕೇಳಿದಳು. ಚೀಟಿ ಓದಿದೆ. ಮೂರ್ಛೆ. ತಿಂಗಳಿಗೆ ಹತ್ತು ಹನ್ನೊಂದು ಸಲ ಬರುತ್ತದೆ, ಬೇರೆ ಮಾತ್ರೆಗಳು ನಾಟಿಲ್ಲ, ಈ ಎಣ್ಣೆ ಕೊಡಬೇಕು ಎಂದು ಡಾಕ್ಟರಮ್ಮ ಬರೆದಿದ್ದರು.

ದಾವಲಬಿಯನ್ನು ಹೊರಗೆ ಕೂರಿಸಿ ಹುಡುಗಿಯನ್ನು ಬರಿಗಾಲಲ್ಲಿ ಕಲ್ಲಿನ ಮೇಲೆ ನಿಲ್ಲಿಸಿದೆ. ನೂರು ಎಣಿಸಿದೆ. ಅವಳು ನಿಂತಲ್ಲೇ ಒಂಟಿಕಾಲಲ್ಲಿ ಕುಣಿಯುತ್ತಿದ್ದಳು. ಗಿಡ ಅವಳ ಕಡೆ ಒಂದು ಎಳೆಯಷ್ಟೂ ಬರಲಿಲ್ಲ. ಬರುವುದಾದರೂ ಹೇಗೆ? ಮೂರ್ಛೆ ಬಂದಾಗ ಅವಳಿಗೆ ಮೈಮೇಲೆ ಎಚ್ಚರವಿಲ್ಲ, ಬಿಟ್ಟಮೇಲೆ ನೆನಪಿಲ್ಲ. ಉಳಿದ ಹೊತ್ತಿನಲ್ಲಿ ಅವಳಿಗೆ ಯಾವ ನೋವೂ ಇಲ್ಲ. ಗಿಡ ಅವಳನ್ನು ಬಿಟ್ಟು ಬಾಗಿಲ ಕಡೆ ವಾಲಿತು. ಬಾಗು ಇಲ್ಲ, ಗಾಳಿ, ಎಂದು ಬರೆದೆ. ಮುಂದಿನ ಬುಧವಾರವೂ ಅದೇ ಕಥೆ. ಗಿಡವೇ ಸರಿಯಿಲ್ಲವೇನೋ ಎಂದು ಬೇರೆ ಗಿಡದ ಮುಂದೆ ನಿಲ್ಲಿಸಿದೆ. ಅದೂ ಬಾಗಿಲ ಕಡೆಗೇ ವಾಲಿತು. ಮತ್ತೆ ಗಾಳಿ ಎಂದು ಬರೆದೆ.

ಎರಡನೇ ಸಲ ಹೊರಗೆ ಬಂದು ಹೇಳಿದಾಗ ದಾವಲಬಿ ಅಳಲಿಲ್ಲ, ಜಗಳ ಆಡಲಿಲ್ಲ. ಮಗಳ ಕಾಲಿಗೆ ಚಪ್ಪಲಿ ಹಾಕುತ್ತ, ಹೋದ ವಾರ ಅವಳು ಒಲೆಯ ಪಕ್ಕ ಬಿದ್ದದ್ದು ಹೇಳಿದಳು. ಅಂಗೈಯಗಲ ಸುಟ್ಟಿತ್ತು, ಸೆರಗು ಸರಿಸಿ ತನ್ನ ಕೈ ತೋರಿಸಿದಳು. ಮಗಳನ್ನು ಎಳೆಯಲು ಹೋಗಿ ಸುಟ್ಟುಕೊಂಡಿದ್ದಳು. ಡಾಕ್ಟರಮ್ಮ ಹೇಳಿದ ಮಾತನ್ನೂ ಹೇಳಿದಳು, ದನಿ ತಗ್ಗಿಸಿ, ಹುಡುಗಿಗೆ ಕೇಳಿಸದ ಹಾಗೆ.

"ಹಿಂಗ ಬರ್ತಾನ ಇದ್ರ ಒಂದ್ ದಿನ ಮೂರ್ಛೆ ತಿಳಿಯಂಗಿಲ್ಲಂತ್ರೀ ಅಕ್ಕಾರ. ಹಂಗ ಹೋಗಿಬಿಡ್ತಾಳಂತ. ಒಂದ್ ವರ್ಷ ಆಕಿ ತಡೀತಾಳೇನ್ರೀ?"

ಮುಂದಿನ ಬುಧವಾರ ನೋಡೋಣ ಎಂದೆ. ನನ್ನ ಮಾತು ನನಗೇ ಹಿಡಿಸಲಿಲ್ಲ.

ಮೂರನೆಯ ಬುಧವಾರ ಎಂಥ ಬಿಸಿಲು ಅಂತೀರಿ. ಒಂದು ಎಲೆ ಅಲುಗುತ್ತಿರಲಿಲ್ಲ. ಉಸಿರು ಕಟ್ಟಿದ ಹಾಗೆ ಸೆಕೆ. ಜೈತೂನ ಕಲ್ಲಿನ ಮೇಲೆ ನಿಂತು, ಕಾಲು ಸುಡುತ್ತದೆ ಎಂದು ಗೊಣಗಿದಳು. ಒದ್ದೆ ಗೋಣಿಚೀಲ ಹಾಸಿಕೊಟ್ಟೆ. ತೂಗುಗುಂಡು ಇಳಿಬಿಟ್ಟೆ. ಅದು ಒಂದು ಸಲ ಸುತ್ತಿ ಸುಮ್ಮನಾಯಿತು. ಎಣಿಸತೊಡಗಿದೆ. ಗಿಡ ಮತ್ತೆ ಅದೇ ಬಾಗಿಲ ಕಡೆ ಹೊರಟಿತು. ಪೆನ್ನು ಕೈಗೆತ್ತಿಕೊಂಡು ಗಾಳಿ ಎಂದು ಬರೆಯಲು ಹೊರಟವಳು ನಿಂತುಬಿಟ್ಟೆ. ಎಲ್ಲಿದೆ ಗಾಳಿ? ದಾರ ಅಲ್ಲಾಡುತ್ತಿಲ್ಲ. ನನ್ನ ಸೆರಗು ಅಲ್ಲಾಡುತ್ತಿಲ್ಲ. ಗಿಡ ಮಾತ್ರ ಬಾಗುತ್ತಲೇ ಇತ್ತು, ನಾಲ್ಕು ಬೆರಳು, ಆರು, ಎಂಟು.

ನಾನು ಗಿಡದ ತುದಿ ತೋರಿಸಿದ ದಿಕ್ಕಿಗೆ ನೇರವಾಗಿ ನಡೆದುಕೊಂಡು ಹೋದೆ. ಬಾಗಿಲು ತೆರೆದರೆ ಎದುರಿಗೆ ಬೆಂಚು, ಬೆಂಚಿನ ಮೇಲೆ ದಾವಲಬಿ ಒಬ್ಬಳೇ, ಮಗಳ ಚಪ್ಪಲಿಗಳನ್ನು ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿ ಕೂತಿದ್ದಳು. ಅವಳನ್ನು ಎಬ್ಬಿಸಿ, ಏನೂ ಕೇಳಬೇಡ, ಗೋಡೆಯ ಹೊರಗಡೆಯಿಂದಲೇ ತೋಟ ಸುತ್ತು ಹಾಕಿಕೊಂಡು ಬಾ ಎಂದೆ. ಅವಳು ಗಾಬರಿಯಾಗಿ ನನ್ನ ಮುಖ ನೋಡಿದಳು. ಆದರೂ ಹೊರಟಳು.

ನಾನು ಒಳಗೆ ಓಡಿದೆ. ಎರಡಾಳು ಎತ್ತರದ ಗೋಡೆ, ಅದರಾಚೆ ಅವಳು ಕಾಣುತ್ತಿರಲಿಲ್ಲ, ಅವಳ ಹೆಜ್ಜೆಯ ಸಪ್ಪಳವೂ ಕೇಳುತ್ತಿರಲಿಲ್ಲ. ಆದರೆ ಅವಳು ಎಲ್ಲಿದ್ದಾಳೆಂದು ಗಿಡಗಳು ತೋರಿಸುತ್ತಿದ್ದವು. ಒಂದಲ್ಲ, ಎರಡಲ್ಲ, ಏಳುನೂರು ಗಿಡಗಳೂ ಒಟ್ಟಿಗೆ ಅವಳ ಹಿಂದೆ ತಿರುಗುತ್ತಿದ್ದವು. ಅವಳು ಮೂಡಣ ಗೋಡೆಯ ಬದಿಗೆ ಹೋದಳು, ಇವು ಮೂಡಣಕ್ಕೆ ಬಾಗಿದವು. ತೆಂಕಣಕ್ಕೆ ತಿರುಗಿದಳು, ಇವೂ ತಿರುಗಿದವು. ಮೂಲೆಯಲ್ಲಿ ಒಂದು ಗಳಿಗೆ ನಿಂತಳೆಂದು ಕಾಣುತ್ತದೆ, ಇವೂ ನಿಂತವು. ಎಲೆಗೆ ಎಲೆ ತಾಗಿ ಸರಸರ ಎನ್ನುವ ಸದ್ದೊಂದು ತೋಟದ ತುಂಬ ಸುತ್ತು ಹಾಕಿ ಬಂತು. ಜೈತೂನ ಕಲ್ಲಿನಿಂದ ಇಳಿದು ನನ್ನ ಸೀರೆ ಹಿಡಿದುಕೊಂಡು, ಇವೆಲ್ಲ ಯಾರನ್ನು ನೋಡುತ್ತಿವೆ ಎಂದು ಪಿಸುಗುಟ್ಟಿದಳು. ನಿಮ್ಮವ್ವನ್ನ, ಎಂದೆ. ನನ್ನ ಕಣ್ಣಲ್ಲಿ ನೀರು ಹರಿಯುತ್ತಿತ್ತು. ಇಷ್ಟು ವರ್ಷ ಈ ತೋಟದಲ್ಲಿದ್ದು ನಾನು ಕಂಡದ್ದು ಏನೂ ಅಲ್ಲ ಅನ್ನಿಸಿಬಿಟ್ಟಿತು.

ಆಮೇಲೆ ಪುಸ್ತಕದ ಹಿಂದಿನ ಪುಟಗಳನ್ನು ತಿರುವಿದೆ. ವಾರಕ್ಕೆ ನಾಲ್ಕೈದು ಗಾಳಿ. ಇಪ್ಪತ್ತು ವರ್ಷ. ಆ ಬೆಂಚಿನ ಮೇಲೆ ಎಷ್ಟು ಗಂಡಂದಿರು, ಎಷ್ಟು ತಂಗಿಯರು, ಎಷ್ಟು ಅಪ್ಪಂದಿರು ಕೂತು ಎದ್ದು ಹೋಗಿದ್ದಾರೋ. ಅವರನ್ನೆಲ್ಲ ನಾನೇ ಕೈಯಾರೆ ಗಾಳಿ ಎಂದು ಬರೆದಿದ್ದೆ.

ನಮ್ಮ ಅಧಿಕಾರಿ ಹಂಪಣ್ಣ ಸಾಹೇಬರು ಕೆಟ್ಟವರಲ್ಲ. ಕಾಯಿದೆ ಪುಸ್ತಕವನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುವ ಪೈಕಿ, ಅಷ್ಟೆ. ನಾನು ಹೇಳಿದ್ದನ್ನು ನಂಬಲಿಲ್ಲ. ದಾವಲಬಿಯನ್ನು ಮತ್ತೊಂದು ಸುತ್ತು ಹಾಕಿಸಿ ತಾವೇ ಒಳಗೆ ನಿಂತು ನೋಡಿದರು. ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಆಮೇಲೆ ನಮ್ಮನ್ನು ಕಚೇರಿಗೆ ಕರೆದು, ಕುರ್ಚಿಯ ಮೇಲೆ ಕೂತು ಟೊಪ್ಪಿಗೆ ಹಾಕಿಕೊಂಡು ಮತ್ತೆ ಅಧಿಕಾರಿಯಾದರು. ಕಾಯಿದೆಯ ಪ್ರಕಾರ ಗಿಡ ಯಾರ ಕಡೆ ಬಾಗುತ್ತದೋ ಅವರೇ ರೋಗಿ, ಆದ್ದರಿಂದ ದಾವಲಬಿಗೆ ಸೀಸೆ ಕೊಡಬಹುದು, ಹುಡುಗಿಗೆ ಬರುವುದಿಲ್ಲ ಎಂದರು.

ದಾವಲಬಿ ನಿಂತಲ್ಲೇ ನಿಂತಿದ್ದಳು. "ನನಗೇನೂ ಆಗಿಲ್ರೀ ಸಾಹೇಬ್ರ. ನನಗ್ಯಾಕ್ರೀ ಔಷಧಿ? ಆಕಿಗೆ ಕೊಡ್ರಿ."

ಸಾಹೇಬರು ಕಾಯಿದೆಯ ಪುಟ ತಿರುವಿ ತೋರಿಸಿದರು. ನಿನ್ನ ಸೀಸೆಯಿಂದ ಅವಳಿಗೆ ಒಂದು ಹನಿ ಹಾಕಿದರೂ ನೀನು ಜೈಲಿಗೆ, ಹುಡುಗಿ ಅನಾಥಾಶ್ರಮಕ್ಕೆ ಎಂದರು. ಬೈದು ಹೇಳಲಿಲ್ಲ, ಎಚ್ಚರಿಕೆ ಕೊಡುವ ಹಾಗೆ ಹೇಳಿದರು. ಕೊಟ್ಟು ಕಸಿದುಕೊಳ್ಳುವುದು ಅಂದರೆ ಇದೇ. ಆ ತಾಯಿ ಗೋಡೆ ಹಿಡಿದುಕೊಂಡಳು. ಕಿಟಕಿಯಾಚೆ ಏಳುನೂರು ಗಿಡಗಳು ಕಚೇರಿಯ ಕಡೆಗೆ ಹೊರಳಿದ್ದು ನನಗೆ ಕಂಡಿತು. ಸಾಹೇಬರಿಗೂ ಕಂಡಿತು, ಅವರು ಮುಖ ಆಚೆ ತಿರುಗಿಸಿದರು.

ನನಗೆ ಸಿಟ್ಟು ಬಂದರೆ ಬುದ್ಧಿ ಚುರುಕಾಗುತ್ತದೆ, ಮನೆಯಲ್ಲೂ ಹಾಗೆಯೇ. ಪರವಾನಗಿಯ ನಮೂನೆ ಎಳೆದುಕೊಂಡೆ. ರೋಗಿಯ ಹೆಸರು, ದಾವಲಬಿ. ಬಾಗು, ಎಂಟು ಬೆರಳು. ಅದರ ಕೆಳಗೆ, ಔಷಧಿ ಎಲ್ಲಿಗೆ ಹಾಕಬೇಕು ಎಂಬ ಜಾಗ ಇದೆ. ಕೆಲವರಿಗೆ ನಾಲಿಗೆಯ ಕೆಳಗೆ, ಮಂಡಿನೋವಿನವರಿಗೆ ಮಂಡಿಗೆ, ಬೆನ್ನಿನವರಿಗೆ ಬೆನ್ನಿಗೆ, ಎಂದು ನಾವು ಬರೆಯುತ್ತೇವೆ. ಅಲ್ಲಿ ನಾನು, ಮಗಳ ನಾಲಿಗೆಯ ಕೆಳಗೆ, ಎಂದು ಬರೆದು ಸಾಹೇಬರ ಮುಂದೆ ತಳ್ಳಿದೆ.

ಅವರು ಓದಿದರು. ಮತ್ತೊಮ್ಮೆ ಓದಿದರು. ಹುಚ್ಚು ಹಿಡಿದಿದೆಯಾ ನಿನಗೆ ಎಂದರು.

"ನೋವು ಎಲ್ಲೈತಿ ಅಲ್ಲಿಗೆ ಹಾಕ್ಬೇಕು ಅಂತ ಕಾಯಿದೆ ಐತಿಲ್ರೀ?" ಎಂದೆ ನಾನು. "ಈ ತಾಯಿಯ ನೋವು ಆ ಹುಡುಗಿ ಮೈಯಾಗ ಐತಿ. ಬ್ಯಾರೆ ಎಲ್ಲಿ ಹಚ್ಚಿದ್ರೂ ಹತ್ತಂಗಿಲ್ಲ."

ಡಾಕ್ಟರಮ್ಮ ಬರೆದುಕೊಟ್ಟರೆ ನೋಡೋಣ ಎಂದು ಸಾಹೇಬರು ನುಣುಚಿಕೊಂಡರು. ನಾನೇ ಆ ನಮೂನೆ ಹಿಡಿದುಕೊಂಡು ದಾವಲಬಿಯ ಜೊತೆ ದೊಡ್ಡಾಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಕನ್ನಡಕ ಮೇಲೆ ಕೆಳಗೆ ಮಾಡಿ ಓದಿ, ಒಂದು ಮಾತೂ ಕೇಳದೆ, ದಾವಲಬಿಯ ಹೆಸರಿಗೆ ಹೊಸ ಚೀಟಿ ಬರೆದರು. ಕಾಯಿಲೆ ಎಂಬಲ್ಲಿ, ಮಗಳ ಮೂರ್ಛೆ, ಎಂದಿತ್ತು. ಮಗಳ ತೂಕ ನೋಡಿ ದಿನಕ್ಕೆ ಎರಡು ಹೊತ್ತು ನಾಲ್ಕು ನಾಲ್ಕು ಹನಿ ಎಂದು ಬರೆದು ಮೊಹರು ಒತ್ತಿದರು. ಅದನ್ನು ನೋಡಿ ಹಂಪಣ್ಣ ಸಾಹೇಬರು ಸಹಿ ಹಾಕಿದರು. ಹಾಕುವಾಗ ನನಗೆ ಒಂದು ಷರತ್ತನ್ನೂ ನೆನಪಿಸಿದರು. ಎಲ್ಲರಿಗೂ ಇರುವ ಷರತ್ತೇ ಅದು. ತಿಂಗಳಿಗೊಮ್ಮೆ ರೋಗಿ ಮತ್ತೆ ಕಲ್ಲಿನ ಮೇಲೆ ನಿಲ್ಲಬೇಕು, ಎರಡು ಬೆರಳು ಬಾಗಲೇಬೇಕು, ಬಾಗದಿದ್ದರೆ ವಾಸಿಯಾಯಿತೆಂದು ಪರವಾನಗಿ ರದ್ದು.

ಆ ತಿಂಗಳು ನಾನು ದಾವಲಬಿಯ ಓಣಿಯಲ್ಲಿ ಕೆಲಸವಿಲ್ಲದಿದ್ದರೂ ಎರಡು ಮೂರು ಸಲ ಸುತ್ತಾಡಿ ಬಂದೆ. ಮೊದಲ ವಾರ ಹುಡುಗಿಗೆ ಮೂರು ಸಲ ಮೂರ್ಛೆ ಬಂತು. ಎರಡನೇ ವಾರ ಒಂದೇ ಸಲ, ಅದೂ ಕಣ್ಣು ಮಿಟುಕಿಸುವಷ್ಟು. ಆಮೇಲೆ ತಿಂಗಳು ಮುಗಿಯುವವರೆಗೂ ಬರಲಿಲ್ಲ. ದಾವಲಬಿ ನನ್ನ ಎರಡೂ ಕೈ ಹಿಡಿದುಕೊಂಡು, ನಾಲ್ಕು ವರ್ಷದ ಮೇಲೆ ಮೊದಲ ಸಲ ಬೆಳಗಿನವರೆಗೆ ನಿದ್ದೆ ಮಾಡಿದೆ ಎಂದಳು. ಅವಳ ಮುಖ ನೋಡಲು ಎಷ್ಟು ಚೆಂದ ಕಾಣುತ್ತಿತ್ತೆಂದರೆ ನನಗೆ ಖುಷಿಯಾಯಿತು. ಮನೆಗೆ ಬರುವಷ್ಟರಲ್ಲಿ ಆ ಷರತ್ತು ನೆನಪಾಗಿ ಖುಷಿ ಇಳಿಯಿತು. ಇವಳು ಹೀಗೆ ನೆಮ್ಮದಿಯಾಗಿ ಬಂದು ಕಲ್ಲಿನ ಮೇಲೆ ನಿಂತರೆ ಗಿಡ ಬಾಗುವುದಾದರೂ ಯಾತಕ್ಕೆ? ಔಷಧಿ ಹತ್ತಿದ್ದಕ್ಕೇ ಔಷಧಿ ತಪ್ಪಿಹೋಗುತ್ತದೆ. ಬಿಟ್ಟರೆ ಮೂರ್ಛೆ ಮೊದಲಿಗಿಂತ ಜೋರಾಗಿ ಬರಬಹುದೆಂದು ಡಾಕ್ಟರಮ್ಮ ನನಗೊಬ್ಬಳಿಗೇ ಹೇಳಿದ್ದರು.

ಬುಧವಾರ ಬಂತು. ದಾವಲಬಿ ತಲೆ ಬಾಚಿ, ಹತ್ತಿಯ ಎಳೆ ಒಂದೂ ಇಲ್ಲದ ಹಾಗೆ ಮುಖ ತೊಳೆದು, ಮದುವೆಗೆ ಹೊರಟವಳಂತೆ ಬಂದಿದ್ದಳು. ಜೈತೂನ ಹೊರಗೆ ಬೆಂಚಿನ ಹತ್ತಿರ ಯಾವುದೋ ಹಾಡು ಹೇಳಿಕೊಳ್ಳುತ್ತಿದ್ದಳು, ಅದು ಒಳಗಿನವರೆಗೂ ಕೇಳುತ್ತಿತ್ತು. ಹಂಪಣ್ಣ ಸಾಹೇಬರು ತಾವೇ ನೋಡಬೇಕೆಂದು ಬಂದು ನಿಂತಿದ್ದರು. ತೂಗುಗುಂಡು ಇಳಿಬಿಟ್ಟೆ. ಐವತ್ತು ಎಣಿಸಿದೆ. ದಾರ ಕಾಂಡಕ್ಕೆ ಅಂಟಿಕೊಂಡಂತೆ ಇತ್ತು. ಎಪ್ಪತ್ತು. ಗಿಡ ಕಡ್ಡಿಯಂತೆ ನೇರ. ಎಂಬತ್ತು. ಬೇಕೆಂದೇ ನಿಧಾನವಾಗಿ ಎಣಿಸುತ್ತಿದ್ದೆ. ದಾವಲಬಿ ಮಾತ್ರ ಏನೂ ಅರಿಯದೆ ನನ್ನ ಕಡೆ ನೋಡಿ ನಗುತ್ತಿದ್ದಳು. ಆ ಷರತ್ತನ್ನು ಅವಳಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

"ನೆಟ್ಟಗ ನಿಂತೈತಲ್ಲ," ಎಂದರು ಸಾಹೇಬರು. "ಆರಾಮ ಆತು ಅಂತ ಬರ್ಕೋ ಬಾಳವ್ವ. ಇವತ್ತಿಂದ ಎಣ್ಣೆ ಬಂದ್."

ದಾವಲಬಿಯ ನಗು ಮುಖದ ಮೇಲೇ ಸತ್ತುಹೋಯಿತು. ಅವಳು ಹೊರಗಿನ ಹಾಡಿನ ಕಡೆಗೆ ಒಂದು ಸಲ ಕತ್ತು ಹೊರಳಿಸಿದಳು, ಅಷ್ಟೆ. ನಾನು ತೊಂಬತ್ತೊಂದು ಎಂದುಕೊಂಡೆ. ಗಿಡದ ಮೊದಲ ಎಲೆ ಅಲುಗಿತು. ತೊಂಬತ್ತೆರಡು. ಒಂದು ಬೆರಳು, ಮೂರು ಬೆರಳು. ತೊಂಬತ್ತಾರಕ್ಕೆ ಏಳು ಬೆರಳು ಬಾಗಿ ಅವಳ ಕಡೆ ಚಾಚಿ ನಿಂತಿತು. ಹಿಂದೆ ಸಾಲುಸಾಲಾಗಿ ಉಳಿದವೂ ಬಾಗಿದ್ದವು.

ನಾನು ಸಾಹೇಬರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಎಷ್ಟು ಎಂದು ಕೇಳಿದರು. ಏಳು ಎಂದೆ. ಹಾಗೇ ಬರೆದುಕೋ, ಸೀಸೆ ತುಂಬಿಸಿಕೊಡು ಎಂದು ಹೇಳಿ ಬೇಗಬೇಗ ಹೊರಟುಹೋದರು. ಕಚೇರಿಗೆ ಹೋಗಿ ನೋಡಿದರೆ ಬಾಗಿಲು ಹಾಕಿಕೊಂಡು ಕೂತಿದ್ದರು.

ಆವತ್ತಿನಿಂದ ಎರಡು ವರ್ಷ ನಾಲ್ಕು ತಿಂಗಳಾಯಿತು. ಜೈತೂನಳಿಗೆ ಮೂರ್ಛೆ ಬಂದು ವರ್ಷದ ಮೇಲಾಗಿದೆ. ಶಾಲೆಗೆ ಹೋಗುತ್ತಾಳೆ, ಕೆರೆಯಲ್ಲಿ ಈಜು ಕಲಿತಿದ್ದಾಳೆ. ತಿಂಗಳಿಗೊಂದು ಬುಧವಾರ ದಾವಲಬಿ ಕಲ್ಲಿನ ಮೇಲೆ ನಿಲ್ಲುತ್ತಾಳೆ, ಗಿಡ ನೆಟ್ಟಗೆ ನಿಲ್ಲುತ್ತದೆ. ಆಗ ಹಂಪಣ್ಣ ಸಾಹೇಬರು ಟೊಪ್ಪಿಗೆ ಸರಿಮಾಡಿಕೊಂಡು ಮುಂದೆ ಬಂದು, ಹುಬ್ಬು ಗಂಟಿಕ್ಕಿ, ಒಂದೊಂದು ಸಲ ಒಂದೊಂದು ಮಾತು ಹೇಳುತ್ತಾರೆ. ಈ ತಿಂಗಳು ಎಣ್ಣೆ ಕಡಿಮೆ ಬಂದಿದೆ ಎನ್ನುತ್ತಾರೆ. ಮೇಲಿನಿಂದ ಹೊಸ ಆಜ್ಞೆ ಬಂದಿದೆ, ಮಕ್ಕಳಿಗೆ ಕೊಡುವಂತಿಲ್ಲ ಎನ್ನುತ್ತಾರೆ. ನಿನ್ನ ಚೀಟಿಯಲ್ಲಿ ಮೊಹರು ಸರಿಯಿಲ್ಲ ಎನ್ನುತ್ತಾರೆ. ಹಿಂದಿನ ದಿನವೇ ನಾವಿಬ್ಬರೂ ಕೂತು ಏನು ಹೇಳಬೇಕೆಂದು ಮಾತಾಡಿಕೊಂಡಿರುತ್ತೇವೆ. ಅವಳ ಬಣ್ಣ ಹೋಗುತ್ತದೆ, ತುಟಿ ನಡುಗುತ್ತದೆ, ಗಿಡ ಬಾಗುತ್ತದೆ. ನಾನು ಬೆರಳು ಎಣಿಸಿ ಬರೆಯುತ್ತೇನೆ.

ಅವಳಿಗೆ ನಿಜ ಹೇಳಿಬಿಡೋಣ ಎಂದು ನಾನು ಒಮ್ಮೆ ಸಾಹೇಬರಿಗೆ ಅಂದೆ. ಪಾಪದ ಹೆಂಗಸು, ಎಷ್ಟು ಸಲ ಹೀಗೆ ಹೆದರಿಸುವುದು? ಅವರು ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟರು.

"ಹೇಳಿದ್ರ ಆಕಿ ಅಂಜಂಗಿಲ್ಲ," ಎಂದರು. "ಆಕಿ ಅಂಜದಿದ್ರ ಹುಡುಗಿ ಉಳಿಯಂಗಿಲ್ಲ."

ನಾಳೆ ಮತ್ತೆ ಬುಧವಾರ. ದಾವಲಬಿ ಬರುತ್ತಾಳೆ, ನನ್ನನ್ನು ಕಂಡು ನಗುತ್ತಾಳೆ. ಸಾಹೇಬರಿಗೆ ಗಂಟಲು ಕೆಟ್ಟಿದೆ, ಮಾತು ಹೊರಡುತ್ತಿಲ್ಲ. ಈ ಸಲ ನಾನೇ ಹೇಳಬೇಕು.